ಮೊದಲ ವೀಳ್ಯ

ಮಹೇಶ್ವರಪ್ಪ ಹಗಲು ಹೊನ್ನಾಳಿಯ ಕಚೇರಿಯೊಂದರಲ್ಲಿ ಗುಮಾಸ್ತ. ಮಿಕ್ಕ ಹೊತ್ತೆಲ್ಲ, ಕುಂಪಣಿ ಸರ್ಕಾರದ ವಿರುದ್ಧ ಈ ಸೀಮೆಯ ರೈತರು ಎದ್ದ ದಂಗೆಯ ಚರಿತ್ರೆಯನ್ನು ಜನಕ್ಕೆ ತಿಳಿಯುವಂತೆ ಬರೆಯುವುದೇ ಅವನ ಗೀಳು. 1978ರ ಒಂದು ದಿನ ಅವನ ಪುಸ್ತಕದ ಕೊನೆಯ ಫಾರಂ, ಅಂದರೆ ಕೊನೆಯ ಹದಿನಾರು ಪುಟ, ಅಚ್ಚಿನ ಮೊಳೆ ಜೋಡಿಸಿಕೊಂಡು ಪ್ರೆಸ್ಸಿನಲ್ಲಿ ಕೂತಿತ್ತು. ಬೆಳಗಾದರೆ ಅಚ್ಚು.

ಆ ಮಧ್ಯಾಹ್ನ ಅವನು ಸಾಸ್ವೆಹಳ್ಳಿ ಆಚೆಯ ಹಳ್ಳಿಯೊಂದಕ್ಕೆ ನಿಶ್ಚಿತಾರ್ಥಕ್ಕೆ ಹೋಗಿದ್ದ. ಆ ಊರಿನ ಗೌಡ ಕೊಟ್ರಬಸಪ್ಪನ ಮನೆತನಕ್ಕೆ, ಮೊದಲು ಸಲ್ಲಬೇಕಾದ ಎಲೆ ಅಡಿಕೆ ಕೊನೆಗೆ ಸಲ್ಲುವುದನ್ನು ಹಿಂದೊಂದು ಮದುವೆಯಲ್ಲಿ ದೂರದಿಂದ ಕಂಡಿದ್ದ. ಇವರ ಹಿರೀಕ ದಂಗೆಯವರನ್ನು ಹಿಡಿದುಕೊಟ್ಟಿರಬೇಕು, ಅದಕ್ಕೇ ಊರು ಮರ್ಯಾದೆ ಕಿತ್ತುಕೊಂಡಿದೆ ಎಂದು ಊಹಿಸಿ, ಕೊನೆಯ ಅಧ್ಯಾಯದಲ್ಲಿ ಆ ಹಿರೀಕನನ್ನು 'ದ್ರೋಹಿ' ಎಂದು ಬರೆದೂಬಿಟ್ಟಿದ್ದ.

ಈ ಸಲ ಹತ್ತಿರವೇ ಕೂತಿದ್ದ. ವೀಳ್ಯದ ತಟ್ಟೆ ಮೊದಲು ಬಂದದ್ದು ಕೊಟ್ರಬಸಪ್ಪನ ಮುಂದಕ್ಕೆ! ಮುದುಕ ಅದನ್ನು ತಾನೇ ಸರಿಸಿದ.

"ಇವತ್ತಾದ್ರೂ ತಗಳ್ರೀ ಗೌಡ್ರೇ," ಎಂದು ಹೆಣ್ಣಿನ ತಂದೆ ಷಣ್ಮುಖಪ್ಪ ನಕ್ಕ.

"ನಿಮ್ಮಪ್ಪಾನೂ ಹಿಂಗೇ ಕಾಡ್ತಿದ್ದ. ಮುಂದಕ್ಕೆ ನಡಿಯಪ್ಪ, ಎಲೆ ಬಾಡ್ತೈತೆ."

ಮಹೇಶ್ವರಪ್ಪ ಮುದುಕನತ್ತ ಬಾಗಿದ. "ಯಜಮಾನ್ರೇ, ನೀವೇ ಬ್ಯಾಡ ಅಂತೀರಾ?"

"ಮತ್ತೆ? ನಮ್ಮ ಮುತ್ತಾತ ದಂಗೆಗೆ ಊರ ಮಂದೀನ ಕರಕಂಡು ಹೋದ. ಹೋದೋರು ಯಾರೂ ತಿರುಗಿ ಬರಲಿಲ್ಲ, ಇವನೊಬ್ಬ ಬಂದ. ಅವತ್ತಿಂದ ನಮ್ಮನೆಯೋರು ಮೊದಲ ವೀಳ್ಯಕ್ಕೆ ಕೈ ಹಾಕಲ್ಲ."

"ಒಬ್ರೇ ಹೆಂಗೆ ಬಂದ್ರು?"

"ಕಂಡೋರು ಯಾರು ಉಳದಾರೆ? ಬುಕ್ಕು ಬರಿಯೋರು ನೀವು. ನಿಮಗೇನಾರ ಸಿಕ್ತಾ?"

ಸುಮ್ಮನಿದ್ದುಬಿಡಬಹುದಿತ್ತು. ಆದರೂ ಮಹೇಶ್ವರಪ್ಪ, "ದ್ರೋಹಿ ಅಂತ ಬರದೀನಿ," ಎಂದ.

ಸುತ್ತಲಿನವರು ಇತ್ತ ತಿರುಗಿದರು. ಮುದುಕ ಕೇಳಿದ:

"ಯಾರು ಹೇಳಿದ್ರು?"

"ಯಾರೂ ಇಲ್ಲ. ನಾನೇ ಅಂದ್ಕಂಡೆ."

ಕೊಟ್ರಬಸಪ್ಪ ಅವನನ್ನೇ ನೋಡಿದ. "ಒಂದೊಂದ್ಸಲ ನಾವೂ ಅಂದ್ಕಂತೀವಿ. ಆದ್ರೆ ಅಚ್ಚು ಹಾಕ್ಸಲ್ಲ."

ಮಹೇಶ್ವರಪ್ಪ ಊಟಕ್ಕೂ ನಿಲ್ಲದೆ ಬಸ್ಸು ಹಿಡಿದ. ಇವತ್ತೇ ಅಚ್ಚಿಗೆ ಹಾಕಿಬಿಟ್ಟಿದ್ದರೆ? ಪ್ರೆಸ್ಸಿಗೆ ಬಂದಾಗ ಮೊಳೆ ಜೋಡಿಸುವ ಚಿತ್ತಪ್ಪ ಬಾಗಿಲಿಗೆ ಬೀಗ ಹಾಕುತ್ತಿದ್ದ.

"ಒಂದು ಪದ ತೆಗೀಬೇಕಪ್ಪ."

"ಬರೀ ತೆಗದ್ರೆ ಸಾಲು ಸಡ್ಲ ಆಗ್ತೈತೆ ಸಾರ್, ಮೊಳೆ ಉದುರ್ತವೆ. ಆ ಜಾಗಕ್ಕೆ ಏನು ತುಂಬ್ಲಿ?"

ವೀರ ಎಂದರೆ ಅದೂ ಊಹೆಯೇ. "'ಒಬ್ಬನೇ ಮರಳಿದ, ಕಾರಣ ಗೊತ್ತಿಲ್ಲ' ಅಂತ ಹಾಕು."

"ಗೊತ್ತಿಲ್ಲ ಅನ್ನಾಕೆ ಬುಕ್ಕು ಯಾಕೆ ಸಾರ್?" ಎಂದು ಗೊಣಗುತ್ತ ಚಿತ್ತಪ್ಪ ಬೀಗ ತೆಗೆದು, ಒಂದೊಂದೇ ಸಾಲು ಬಿಚ್ಚತೊಡಗಿದ.

ಅಚ್ಚಾಗಿ ಮುಗಿದ, ಇನ್ನು ತಿದ್ದಲಾಗದ ಉಳಿದ ಫಾರಂಗಳು ಮೂಲೆಯಲ್ಲಿ ಎದೆಯೆತ್ತರ ಒಟ್ಟಿದ್ದವು. ಅತ್ತ ತಿರುಗಿ ನೋಡಲು ಮಹೇಶ್ವರಪ್ಪನಿಗೆ ಧೈರ್ಯ ಸಾಲಲಿಲ್ಲ.