ಐದನೇ ಝೋನ್

ಅಲಾರಂ ಕಾಯಬೇಕಾದ ಐದು ಝೋನ್‌ಗಳಲ್ಲಿ ನಾಲ್ಕಕ್ಕೆ ಯಾರೂ ತಕರಾರು ಮಾಡಲಿಲ್ಲ. ಕೆಳಮನೆಯ ಮುಂಬಾಗಿಲು ಒಂದು, ಕೆಳಗಿನ ಕಿಟಕಿಗಳೆಲ್ಲ ಸೇರಿ ಎರಡು, ಹೊರಗಿನ ಕಬ್ಬಿಣದ ಮೆಟ್ಟಿಲು ಹತ್ತಿ ಬಂದರೆ ಸಿಗುವ ಮೇಲ್ಮನೆಯ ಬಾಗಿಲು ಮೂರು, ತಾರಸಿಯ ಬಾಗಿಲು ನಾಲ್ಕು. ಜಗಳ ಹತ್ತಿದ್ದು ಐದನೆಯದಕ್ಕೆ. ಅದು ಮನೆಯೊಳಗಿನಿಂದಲೇ ಕೆಳಗನ್ನೂ ಮೇಲನ್ನೂ ಕೂಡಿಸುವ ಮೆಟ್ಟಿಲು.

ಕೆಳಗೆ ಅಣ್ಣನ ಸಂಸಾರ, ಮೇಲೆ ತಮ್ಮನದು. ಪಕ್ಕದ ಮನೆಗೆ ಕಳ್ಳರು ನುಗ್ಗಿದ ಮೇಲೆ ಇಬ್ಬರೂ ಸೇರಿ ಅಲಾರಂ ಹಾಕಿಸಲು ಒಪ್ಪಿದ್ದರು. ಅಲಾರಂನವಳು ಏಣಿ ಹೊತ್ತು ಬಂದಾಗ ಅಣ್ಣ ಶೂ ಲೇಸು ಕಟ್ಟುತ್ತಿದ್ದ.

"ಎರಡು ಭಾಗ ಮಾಡಿಬಿಡಿ. ಕೆಳಗಿಂದು ಕೆಳಗಿನವರು ಆನ್ ಮಾಡ್ಕೋತಾರೆ, ಮೇಲಿಂದು ಮೇಲಿನವರು. ಒಬ್ಬರ ಗೊಡವೆ ಇನ್ನೊಬ್ಬರಿಗೆ ಬೇಡ."

"ಮೆಟ್ಟಿಲು ಯಾರ ಭಾಗಕ್ಕೆ ಸಾರ್?"

ತಮ್ಮನ ಬೈಕು ಆಗಲೇ ಗೇಟಿನ ಬಳಿ ಗುರುಗುಟ್ಟುತ್ತಿತ್ತು. ಅಣ್ಣ ಹೋಗಿ ಅದರ ಹಿಂದೆ ಹತ್ತಿದ. "ಅದನ್ನ ಅವರಿಬ್ಬರನ್ನೇ ಕೇಳಿ" ಎಂಬ ಮಾತು ಹೆಲ್ಮೆಟ್ಟಿನೊಳಗಿಂದ ಬಂತು. ಉತ್ತರ ಕೊಟ್ಟವನ ಹಾಗಿರಲಿಲ್ಲ, ತಪ್ಪಿಸಿಕೊಂಡವನ ಹಾಗಿದ್ದ.

ಅವರಿಬ್ಬರು ಎಂದರೆ ಓರಗಿತ್ತಿಯರು. ಕೆಳಗಿನ ಹಿರಿಯಾಕೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಕಣ್ಣು ಮಂಜಾದರೂ ಕೈಗೆ ಹೊಲಿಗೆ ಮರೆತಿರಲಿಲ್ಲ. ಸೂಜಿಗೆ ದಾರ ಪೋಣಿಸಲು ಮಾತ್ರ ಗಂಡ ಬೇಕಿತ್ತು. ಮೇಲಿನ ಕಿರಿಯಾಕೆ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು, ಹೊರಡುವುದು ಮಧ್ಯಾಹ್ನ. ಇಬ್ಬರೂ ಮಾತು ಬಿಟ್ಟಿದ್ದರು. ಅದು ಅಲಾರಂನವಳಿಗೆ ತಿಳಿದದ್ದು ಮೆಟ್ಟಿಲ ತಿರುವಿನಲ್ಲಿ ಸೆನ್ಸರ್ ಕೂರಿಸುವಾಗ.

"ಈ ಹಳದಿ ಪಟ್ಟಿ ಬಳಿಸಿದ್ದು ಒಳ್ಳೇದಾಯ್ತಮ್ಮ" ಎಂದಳು, ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ. ಪ್ರತಿ ಮೆಟ್ಟಿಲ ಅಂಚಿಗೂ ಬೆರಳಗಲದ ಹಳದಿ ಬಣ್ಣವಿತ್ತು. "ಇಲ್ಲದಿದ್ರೆ ಈ ಕತ್ತಲಲ್ಲಿ ಏಣಿ ಸಮೇತ ಉರುಳಿರ್ತಿದ್ದೆ."

"ಒಳ್ಳೇದೇನು ಬಂತು!" ಕೆಳಗಿನಿಂದ ಹಿರಿಯಾಕೆ. "ನಾನು ಆಸ್ಪತ್ರೇಲಿ ಬಿದ್ದಿದ್ದಾಗ ಯಾರೋ ಬಳಿದ್ರು. ಮನೆ ಮೆಟ್ಟಿಲೋ ಬಸ್ ಸ್ಟ್ಯಾಂಡೋ ಗೊತ್ತಾಗಲ್ಲ."

ಮೇಲಿನಿಂದ ಕಿರಿಯಾಕೆಯ ತಲೆ ಇಣುಕಿತು. "ಕಣ್ಣು ಕಾಣದವರು ಮುಗ್ಗರಿಸಬಾರದು ಅಂತ ಬಳಿದದ್ದು ಅಂತ ಹೇಳಿ ಅವರಿಗೆ. ಅದಕ್ಕೆ ಸಿಕ್ಕ ಬಹುಮಾನ ಏನು ಅಂತಾನೂ ಕೇಳಿ. 'ಇದೇನು ನಿಮ್ಮಪ್ಪನ ಮನೆನಾ' ಅಂದ್ರು. ನಮ್ಮಪ್ಪ ಹೋಗಿ ಇನ್ನೂ ಒಂದು ತಿಂಗಳಾಗಿರಲಿಲ್ಲ."

ಹೊಲಿಗೆ ಯಂತ್ರ ನಿಂತಿತು. ಮತ್ತೆ ಶುರುವಾದಾಗ ಮೊದಲಿಗಿಂತ ಜೋರಾಗಿತ್ತು.

ಅಲಾರಂನವಳಿಗೆ ಸ್ಕ್ರೂ ಬಾಯಲ್ಲಿದ್ದದ್ದೇ ಒಳ್ಳೆಯದೆನಿಸಿತು. ಮೂಗು ತೂರಿಸುವ ಹಾಗಿಲ್ಲ. ಕೆಳಗೆ ನೋಡಿದಾಗ ತಿರುವಿನ ಮೆಟ್ಟಿಲ ಮೇಲೆ, ಗೋಡೆಗೆ ಒತ್ತಿಟ್ಟಂತೆ, ಮಡಿಚಿದ ಕುಪ್ಪಸ ಮತ್ತು ಅದರ ಮೇಲೊಂದು ಖಾಲಿ ಪ್ಲಾಸ್ಟಿಕ್ ಡಬ್ಬಿ. ವಾರದ ಮಾತ್ರೆ ಹಾಕಿಡುವಂಥದ್ದು, ದಿನಕ್ಕೊಂದು ಗೂಡು.

"ಇದು ಯಾರದು? ಎತ್ತಿಡ್ಲಾ?"

"ಮುಟ್ಟಬೇಡಿ!" ಎಂದವು ಮೇಲಿನ ದನಿಯೂ ಕೆಳಗಿನ ದನಿಯೂ, ಒಟ್ಟಿಗೇ.

ಸ್ವಲ್ಪ ಹೊತ್ತಿಗೆ ಅವಳು ಡ್ರಿಲ್ಲಿನ ಬಿಟ್ ತರಲು ಹೋಗಿ ಬಂದಾಗ ಕುಪ್ಪಸವೂ ಇರಲಿಲ್ಲ, ಡಬ್ಬಿಯೂ ಇರಲಿಲ್ಲ. ಆಗ ಅವಳಿಗೆ ಹೊಳೆಯಿತು. ಹಿರಿಯಾಕೆಯ ಕಣ್ಣಿಗೆ ಆ ಮಾತ್ರೆಯೂ ಒಂದೇ, ಈ ಮಾತ್ರೆಯೂ ಒಂದೇ. ಬೇರ್ಪಡಿಸಿ ಗೂಡುಗಳಿಗೆ ತುಂಬುವವಳು ಮೇಲಿನ ಮೆಡಿಕಲ್ ಶಾಪಿನವಳು. ತುಂಬಿದ್ದು ನಡುಮೆಟ್ಟಿಲಿಗೆ ಇಳಿಯುತ್ತದೆ, ಖಾಲಿಯಾದದ್ದು ಯಾವುದೋ ಹೊಲಿಗೆಯ ಜೊತೆ ನಡುಮೆಟ್ಟಿಲಿಗೆ ಏರುತ್ತದೆ. ಮಾತಿಲ್ಲ, ಮುಖವಿಲ್ಲ.

ಈಗ ಆ ಮೆಟ್ಟಿಲ ಮೇಲೆಯೇ ಅವಳು ಕಣ್ಣೊಂದನ್ನು ಕೂರಿಸಿದ್ದಳು.

"ಮೆಟ್ಟಿಲು ನಮ್ಮ ಭಾಗಕ್ಕೇ ಹಾಕಬೇಕು" ಎಂದಳು ಹಿರಿಯಾಕೆ. "ಶುರುವಾಗೋದೇ ನಮ್ಮ ಹಾಲಿಂದ."

"ಮುಗಿಯೋದು ಎಲ್ಲಿ ಅಂತ ಕೇಳಿ" ಎಂದಳು ಕಿರಿಯಾಕೆ.

"ಇಳಿಯುವವರಿಗೆ ಅದೇ ಶುರು ಅಲ್ವಾ" ಎಂದು ನಗಿಸಲು ನೋಡಿದಳು ಅಲಾರಂನವಳು. ಯಾರೂ ನಗಲಿಲ್ಲ. "ನೋಡಿ, ಇಬ್ಬರಿಗೂ ಸೇರಿಸಿ ಹಾಕಬಹುದು. ಎರಡೂ ಕಡೆ ಆನ್ ಆದ್ರೆ ಮಾತ್ರ ಕಾವಲಿಗೆ ನಿಲ್ಲತ್ತೆ."

"ಅದೆಲ್ಲ ಬೇಡ" ಎಂದಳು ಹಿರಿಯಾಕೆ.

"ಬೇಡ ಅಂತ ಹೇಳಿ" ಎಂದಳು ಕಿರಿಯಾಕೆ. ಬೆಳಗಿನಿಂದ ಇಬ್ಬರೂ ಒಪ್ಪಿದ ಎರಡನೇ ವಿಷಯ ಅದು.

ಹೇಗೂ ಮನೆ ಬಿಟ್ಟು ಹೊರಡುವವಳು ಕಿರಿಯಾಕೆ. ಸದ್ಯಕ್ಕೆ ಮೇಲ್ಮನೆಗೆ ಸೇರಿಸಿ ಪರೀಕ್ಷೆ ಮಾಡುತ್ತೇನೆ, ಆಮೇಲೆ ನಿಮ್ಮ ಯಜಮಾನರುಗಳೇ ಹೇಳಲಿ ಎಂದಳು ಅಲಾರಂನವಳು. ಕಿರಿಯಾಕೆಗೆ ನಾಲ್ಕಂಕಿಯ ಗುಟ್ಟು ಸಂಖ್ಯೆ ಹಾಕಿಸಿ, ಅವಳ ಗೋಡೆಯ ಕೀಪ್ಯಾಡಿನಲ್ಲಿ ಅದನ್ನೊತ್ತಿ ಆನ್ ಮಾಡುವುದು ಕಲಿಸಿದಳು. "ಈಗ ಕೆಲಸಕ್ಕೆ ಹೊರಡ್ತೀರಲ್ಲ, ಆನ್ ಮಾಡೇ ಹೊರಡಿ, ನೋಡೋಣ." ಕೆಳಗಿಳಿದು ಹಿರಿಯಾಕೆಗೂ ಹೇಳಿದಳು: "ಅಮ್ಮಾ, ಇನ್ನೊಂದು ಸ್ವಲ್ಪ ಹೊತ್ತು ಮೆಟ್ಟಿಲ ಕಡೆ ಬರಬೇಡಿ."

"ನಾನ್ಯಾಕೆ ಬರ್ಲಿ ತಾಯಿ? ಆ ಮೆಟ್ಟಿಲ ಮುಖ ನೋಡಿ ಎಷ್ಟೋ ಕಾಲ ಆಯ್ತು."

ಅಲಾರಂನವಳು ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಪೊರಕೆ ಬಕೆಟ್ಟುಗಳ ನಡುವೆ, ಮುಖ್ಯ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮೇಲಿನಿಂದ ಯಾರೋ ತಿರುವಿನವರೆಗೆ ಇಳಿದು, ಏನನ್ನೋ ಇಟ್ಟು ಹತ್ತಿಹೋದ ಸದ್ದಾಯಿತು. ಆಮೇಲೆ ಕೀಪ್ಯಾಡು ಟಿಕ್ ಟಿಕ್ ಎಂದಿತು, ಬಾಗಿಲು ಮುಚ್ಚಿತು, ಕಬ್ಬಿಣದ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಇಳಿಯಿತು. ಅಷ್ಟರಲ್ಲಿ ತಲೆಯ ಮೇಲೆ ಬರಿಗಾಲಿನ ಹೆಜ್ಜೆ ಕೇಳಿತು. ಒಂದು. ಇನ್ನೊಂದು.

"ಅಮ್ಮಾ, ಬೇಡ!" ಎನ್ನುವಷ್ಟರಲ್ಲಿ ಸೈರನ್ ಮನೆಯನ್ನೇ ಸೀಳಿತು.

ಅವಳು ಹಾಲಿನ ಕೀಪ್ಯಾಡಿಗೆ ಓಡಿದಳು. ಅದು ಕೆಳಮನೆಯದು. ಮೇಲ್ಮನೆಯ ಸೈರನ್ ಅದರ ಮಾತು ಕೇಳುವುದಿಲ್ಲ. ಒಬ್ಬರ ಗೊಡವೆ ಇನ್ನೊಬ್ಬರಿಗೆ ಬೇಡ ಎಂದಿದ್ದರಲ್ಲ, ಹಾಗೆಯೇ ಮಾಡಿದ್ದಳು.

ನಡುಮೆಟ್ಟಿಲಲ್ಲಿ ಹಿರಿಯಾಕೆ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ತುಂಬಿದ ಮಾತ್ರೆ ಡಬ್ಬಿ ಹಿಡಿದು ಕೂತುಬಿಟ್ಟಿದ್ದಳು. ಗೇಟಿನಿಂದ ಓಡಿಬಂದ ಕಿರಿಯಾಕೆ ಮೇಲ್ಬಾಗಿಲು ತೆರೆದಳು. ಕೀಪ್ಯಾಡು ಕೈಗೆಟುಕುವಲ್ಲೇ ಇತ್ತು. ಅದನ್ನು ನೋಡಲೂ ಇಲ್ಲ. ಚಪ್ಪಲಿ ಕಾಲಲ್ಲೇ ಧಡಧಡ ಇಳಿದು ಬಂದು ಹಿರಿಯಾಕೆಯ ಮಣಿಕಟ್ಟು ಹಿಡಿದು ನಾಡಿ ನೋಡತೊಡಗಿದಳು. ನೋಡುತ್ತಲೇ ಏನೋ ಕೂಗಿದಳು. ಹಿರಿಯಾಕೆಯೂ ಕೂಗಿದಳು. ಬಾಯಿಗಳು ಆಡುತ್ತಿದ್ದವು, ಕೈಗಳು ಆಡುತ್ತಿದ್ದವು, ಕೇಳುತ್ತಿದ್ದದ್ದು ಸೈರನ್ ಒಂದೇ. ಅಷ್ಟು ದಿನದ ಮಾತೆಲ್ಲ ಆ ಗದ್ದಲದೊಳಗೆ ಸುರಿದುಹೋಗುತ್ತಿತ್ತು.

ಬೇರೆ ದಾರಿ ಕಾಣದೆ ಅಲಾರಂನವಳು ಗೂಡಿಗೆ ನುಗ್ಗಿ ಸೈರನ್ನಿನ ತಂತಿಯನ್ನೇ ಕಿತ್ತಳು.

"...ಆವತ್ತೇ ನಾಲಿಗೆ ಕಚ್ಚಿಕೊಂಡೆ ಕಣೇ!" ಎಂಬ ಹಿರಿಯಾಕೆಯ ಕೂಗು ಸದ್ದಡಗಿದ ಮನೆಯಲ್ಲಿ ಮೊಳಗಿ ನಿಂತಿತು.

ಕಿರಿಯಾಕೆ ಮಣಿಕಟ್ಟು ಬಿಡಲಿಲ್ಲ. "ಏನಂದ್ರಿ ಅಕ್ಕ? ಮೊದಲಿಂದು ಕೇಳಿಸಲಿಲ್ಲ."

"ಹೇಳಿದ್ದು ಆಯ್ತು."

"ಇನ್ನೊಂದ್ಸಲ ಹೇಳಿ."

"ನಾನೇನು ಟೇಪ್ ರೆಕಾರ್ಡರಾ?"

ಕಿರಿಯಾಕೆ ಕಂಬಿಯ ಮೇಲಿಂದ ಬಗ್ಗಿದಳು. "ರೀ ಮೇಡಂ, ನಿಮಗೆ ಕೇಳಿಸ್ತಾ?"

"ಕಿವೀಲಿ ಬೆರಳಿಟ್ಟುಕೊಂಡಿದ್ದೆ" ಎಂದಳು ಅಲಾರಂನವಳು. ಸುಳ್ಳು. ತಂತಿ ಕೀಳಲು ಎರಡೂ ಕೈ ಬೇಕಿತ್ತು. ಆದರೆ ಅವಳಿಗೂ ಕೇಳಿಸಿದ್ದು ಬಾಲ ಮಾತ್ರ.

"ಮಾತ್ರೆ ಊಟಕ್ಕೆ ಮುಂಚೇನೇ ನುಂಗಬೇಕಂತ ಬಂದೆ" ಎಂದಳು ಹಿರಿಯಾಕೆ, ಯಾರನ್ನೂ ನೋಡದೆ. "ನಮ್ಮ ಭಾಗಕ್ಕೆ ಹಾಕಿದ್ರೆ ಈ ಮೆಟ್ಟಿಲನ್ನ ನಾನು ಆನ್ ಮಾಡ್ತಾನೇ ಇರಲಿಲ್ಲ. ನೀನು ಬೀಗ ಜಡಿದ ಹಾಗೆ ಮಾಡ್ತೀಯ ಅಂತ ಹೆದರಿದ್ದೆ."

"ನಾನೂ ಮಾಡ್ತಿರಲಿಲ್ಲ! ಇವರೇ ಟೆಸ್ಟು ಅಂತ ಮಾಡಿಸಿದ್ದು. ನೀವು ಮುಚ್ಚಿಸ್ತೀರ ಅಂತಾನೇ ನಾನು ನಮ್ಮ ಭಾಗಕ್ಕೆ ಬೇಕು ಅಂದಿದ್ದು."

ಇಬ್ಬರೂ ಅಲಾರಂನವಳನ್ನು ದುರುಗುಟ್ಟಿ ನೋಡಿದರು. ಇಡೀ ಮನೆಯ ತಪ್ಪು ತನ್ನ ತಲೆಗೆ ಬಂದದ್ದಕ್ಕೆ ಅವಳಿಗೆ ಬೇಸರವಾಗಲಿಲ್ಲ.

"ಕೂಗದೇ ಇರೋ ಹಾಗೆ ಮಾಡೋಕಾಗಲ್ವಾ?" ಕೇಳಿದಳು ಕಿರಿಯಾಕೆ. "ಮುಂಬಾಗಿಲು ತೆಗೆದಾಗ ಟಿಂಗ್ ಅನ್ನತ್ತಲ್ಲ, ಹಾಗೆ."

"ಆಗತ್ತೆ. ಸೈರನ್ ಇಲ್ಲ, ಕಾವಲಿಲ್ಲ. ಯಾರಾದ್ರೂ ಮೆಟ್ಟಿಲಿಗೆ ಬಂದ್ರೆ ಎರಡೂ ಮನೇಲಿ ಟಿಂಗ್."

"ಎರಡೂ ಮನೇಲೂ?" ಹಿರಿಯಾಕೆ ಕೇಳಿದಳು. "ಡಬ್ಬಿ ಇಟ್ಟಾಗಲೂ?"

"ಇಟ್ಟಾಗಲೂ, ಎತ್ತಿದಾಗಲೂ."

ಹಿರಿಯಾಕೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು. "ಹಾಗಾದ್ರೆ ಕದ್ದು ಬರೋಕಾಗಲ್ಲ ಅನ್ನು."

ಕಿರಿಯಾಕೆ ಮೇಲೆ ಹೋಗಿ ಗುಟ್ಟು ಸಂಖ್ಯೆ ಒತ್ತಿ ಅಲಾರಂ ಆರಿಸಿ ಬಂದಳು. ಅಲಾರಂನವಳು ಗೂಡಿಗೆ ಮರಳಿ ಐದನೇ ಝೋನನ್ನು ಕಾವಲಿನಿಂದ ತೆಗೆದು ಬರೀ ಗಂಟೆಗೆ ಹಾಕಿದಳು, ಕಿತ್ತ ತಂತಿಯನ್ನು ಮತ್ತೆ ಜೋಡಿಸಿದಳು. ಮೇಲೊಂದು ಟಿಂಗ್, ಕೆಳಗೊಂದು ಟಿಂಗ್. ಸರಿಯಾಗಿತ್ತು. ಇನ್ನು ಮೆಟ್ಟಿಲು ಖಾಲಿಯಾಗಿ ಪೆಟ್ಟಿಗೆಯ ಪರದೆಯ ಮೇಲಿನ ಐದರ ದೀಪ ಆರಿದರೆ ಕೆಲಸ ಮುಗಿಯಿತು. ಸಾಮಾನು ಕಟ್ಟಿಕೊಂಡು ಹೊರಡಬಹುದು.

ದೀಪ ಆರಲಿಲ್ಲ. ಆರುವ ಹಾಗೆ ಮಾಡಿ ಮತ್ತೆ ಹತ್ತಿಕೊಳ್ಳುತ್ತಿತ್ತು.

"ಶಾಪಿಗೆ ಹೊತ್ತಾಗಲ್ವೇನೇ?" ಎಂದಿತು ತಲೆಯ ಮೇಲಿನ ದನಿ.

"ಆಗಲಿ. ಮೊದಲು ನುಂಗಿ. ಇದು ಬೆಳಗಿಂದು, ಇದು ಮಧ್ಯಾಹ್ನದ್ದು. ನೀವು ಯಾವಾಗಲೂ ಅದಲುಬದಲು ಮಾಡ್ತೀರ ಅಂತ ನನಗೆ ಗೊತ್ತು."

"ಅದೂ ಗೊತ್ತಾ?"

ಅಲಾರಂನವಳು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಐದರ ದೀಪ ಮತ್ತೆ ಹತ್ತಿಕೊಂಡಿತು.