ಗೌಡನ ಹೊರಸಿನ ಮುಂದೆ

"ಇಳಿಯಲೇ ಸೂಳೀಮಗನ! ಯಾರ ಮುಂದ ಏರಿ ಹೊಂಟೀ? ನಿಮ್ಮಪ್ಪ ಎಂದಾರ ಏರಿದ್ದನೇನ?"

ಇಳಿಯಬಾರದು ಅಂತೇನೂ ದಾನಪ್ಪನಿಗೆ ಇರಲಿಲ್ಲ. ಆದರೆ ಭಾಂಡುಪಿನ ಗುಡ್ಡದ ಇಳಿಜಾರು, ಮುದಿ ಸೈಕಲ್ಲು, ಎರಡೂ ಬ್ರೇಕು ಕೈಕೊಟ್ಟಿದ್ದವು. ಬೈಯುತ್ತಿದ್ದ ಅಣವೀರಪ್ಪ ಗೌಡನ ಹಗ್ಗದ ಹೊರಸುಮಂಚದ ಮುಂದೆ ಭರ್ರನೆ ಹಾದು, ನಲ್ಲಿಕಟ್ಟೆಗೆ ಗುದ್ದಿ, ಕೆಸರಲ್ಲಿ ಬಿದ್ದ. ನೀರಿಗೆ ನಿಂತ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಊರಲ್ಲಿ, ಇಂಡಿ ತಾಲೂಕಿನ ಕಡೆ, ಗೌಡರ ಮನೆ ಮುಂದೆ ಕೇರಿಯವರು ಸೈಕಲ್ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ಅದೆಲ್ಲ ಹಿಂದೆ ಬಿತ್ತು ಅಂತ ದಾನಪ್ಪ ಈ ದೊಡ್ಡ ಶಹರದ ಬೋರಿಬಂದರಿನಲ್ಲಿ ರೈಲಿಳಿದು ಎದೆ ಉಬ್ಬಿಸಿ ನಡೆದಿದ್ದ. ಬಂದು ನೋಡಿದರೆ ಚಾಳಿನ ಬಾಯಲ್ಲೇ ಊರ ಗೌಡರ ತಮ್ಮ ಈ ಅಣವೀರಪ್ಪ ಹೊರಸು ಹಾಕಿಕೊಂಡು ಕೂತಿದ್ದಾನೆ! ಕಾರ್ಖಾನೆಗೆ ಆಳು ಕೊಡುವ ಮುಕಾದಮ ಅವನೇ. ಅವನು ಬೇಡವೆಂದರೆ ಗೇಟಿನೊಳಗೆ ಕಾಲಿಡುವಂತಿಲ್ಲ. ಹೀಗಾಗಿ ಆ ಹೊರಸು ಕಂಡ ಕೂಡಲೇ ದಾನಪ್ಪನ ಕಾಲುಗಳು ತಾವಾಗಿಯೇ ನೆಲಕ್ಕೆ ಬರುತ್ತಿದ್ದವು. ಥೂ, ಎಂಥ ಕಾಲುಗಳಪ್ಪಾ!

"ಬ್ರೇಕ ಹತ್ಲಿಲ್ರೀ ಯಪ್ಪಾ," ಎಂದ, ಕೆಸರು ಒರೆಸಿಕೊಳ್ಳುತ್ತ.

"ಹತ್ಲಿಲ್ಲಾ? ಹಂಗಾದ್ರ ತಿರುಗಿ ಮ್ಯಾಲೆ ಹೋಗು. ಸೈಕಲ್ ಹೆಗಲಮ್ಯಾಲೆ ಹೊತ್ಕೊಂಡು ನನ್ನ ಮುಂದ ನಡಕೊಂತ ಬಾ. ಚಪ್ಪಲ್ ಬಿಚ್ಚು ಮೊದಲ."

ಹೊತ್ತ. ನಡೆದ. ಈ ಸಲ ನಲ್ಲಿಯ ಹತ್ತಿರ ಯಾರೂ ನಗಲಿಲ್ಲ. ಕೊಡ ಹಿಡಿದ ಹೆಂಗಸರಲ್ಲಿ ಅವನ ಹೆಂಡತಿ ರಾಚವ್ವನೂ ಇದ್ದಳು. ಅವಳು ನೋಡಿದಳಲ್ಲ ಅಂತ ದಾನಪ್ಪನಿಗೆ ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು.

ಸಂಜೆ ಸೈಕಲ್ ರಿಪೇರಿಯ ಹಾಶಿಮ ಬ್ರೇಕಿಗೆ ಹೊಸ ರಬ್ಬರು ಹಾಕಿದ. "ಅರೇ ದಾನೂಭಾಯ್, ಇದನ್ನ ಹಿಡದ್ರ ಲೋಕಲ್ ಗಾಡೀನೂ ನಿಲ್ತದ ನೋಡು!"

ಮನೆಯಲ್ಲಿ ರಾಚವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು. "ನಾಳೆ ನನ್ನೂ ಹಿಂದ ಕುಂಡ್ರಿಸ್ಕೊಂಡು ಹೋಗು. ನಾ ಅಂತೂ ಇಳಿಯಾಂಗಿಲ್ಲ."

"ಹುಚ್ಚೀ, ಕೆಲಸಾ ಹೋಗ್ತದ."

"ಹೋದ್ರ ಹೋಗ್ಲಿ. ನಂದೂ ನಿಂದೂ ರಟ್ಟಿ ಗಟ್ಟಿ ಅದಾವ."

ಬೆಳಿಗ್ಗೆ ಇಳಿಜಾರಿನಲ್ಲಿ ದಾನಪ್ಪ, ಹಿಂದೆ ಕ್ಯಾರಿಯರ್ ಮೇಲೆ ರಾಚವ್ವ. ಟ್ರಿಣ್ ಟ್ರಿಣ್ ಅಂತ ಗಂಟೆ ಬೇರೆ. ಹೊರಸು ಕಂಡಿತು. ಹಾಳಾದ ಕಾಲುಗಳು ಆಗಲೇ ಇಳಿಯಲು ಹೊರಟವು.

"ತುಳಿ!" ರಾಚವ್ವ ಬೆನ್ನಿಗೊಂದು ಗುದ್ದಿದಳು.

"ಇವತ್ತೂ ಬ್ರೇಕ ಹತ್ಲಿಲ್ಲೇನಲೇ?" ಗೌಡ ಅರಚಿದ.

ದಾನಪ್ಪ ಗಪ್ಪನೆ ಬ್ರೇಕು ಹಿಡಿದ. ಸೈಕಲ್ಲು ಹೊರಸಿನ ಪಕ್ಕಕ್ಕೇ ನಿಂತಿತು. ಬೀಳದಂತೆ ಒಂದು ಕಾಲು ಎಲ್ಲಾದರೂ ಊರಬೇಕಲ್ಲ? ಚಪ್ಪಲಿ ಹಾಕಿದ ಕಾಲನ್ನು ಗೌಡನ ಹೊರಸಿನ ಮೇಲೆ, ಅವನ ತೊಡೆಯ ಪಕ್ಕದಲ್ಲೇ ಊರಿದ.

"ಹತ್ಯಾವ್ರೀ ಗೌಡ್ರ. ಛಲೋ ಹತ್ಯಾವ."

ಗೌಡನ ಮುಖ ಕಪ್ಪಿಟ್ಟಿತು. "ಹೊಲಸ ನನ್ನ ಮಗನ! ನಾಳಿಂದ ಗೇಟಿನ ಕಡೆ ಸುಳದೀ ಅಂದ್ರ..."

"ನಾಳಿ ಯಾಕ್ರೀ, ಇವತ್ತಿಂದನ ಬರಾಂಗಿಲ್ಲ," ಎಂದ ದಾನಪ್ಪ. ಅದೇ ಹೊರಸನ್ನು ಕಾಲಿನಿಂದ ಒತ್ತಿ ನೂಕಿಕೊಂಡು, ಪೆಡಲ್ ತುಳಿದ.