ಕಡಿಯದೆ ಉಳಿದ ಕಂದು

ನನಗೆ ಕುಜದೋಷವಿತ್ತು. ಅದಕ್ಕೇ 1998ರಲ್ಲಿ ನನ್ನ ಮೊದಲ ಮದುವೆ ಮರಾಠಿ ಸೀಮೆಯ ಹಡಪಸರದ ನಮ್ಮ ಹಿತ್ತಿಲ ಬಾಳೆಗಿಡದ ಜೊತೆ ಆಯಿತು. ನನ್ನ ಕೊರಳಿಗೆ ಅರಿಶಿನದ ದಾರ, ಗಿಡಕ್ಕೆ ಬಾಸಿಂಗ. ದೋಷವೆಲ್ಲ ಈ ಗಂಡನ ತಲೆಗೆ ಬಂದು ಅವನು ಸಾಯಬೇಕು, ಆಮೇಲೆ ಬರುವ ಗಂಡ ಬದುಕಬೇಕು. "ಬುಡಸಮೇತ ಕಡೀರಿ. ಒಂದು ಕಂದೂ ಉಳೀಬಾರ್ದು," ಎಂದರು ಭಟ್ಟರು.

ನಾನು ಎಮ್ಮೆಸ್ಸಿ ಓದಿದವಳು. ಒಂದು ಚೂರು ಬಾಳೆಯಿಂದ ಸಾವಿರಾರು ಸಸಿ ಮಾಡುವ ಲ್ಯಾಬಿನಲ್ಲಿ ನನ್ನ ಕೆಲಸ. ಅಂಥ ಭರ್ಜರಿ ಗೊನೆ ಬಿಡುವ ಗಿಡವನ್ನು ಭಟ್ಟರ ಮಾತು ಕೇಳಿ ಹಾಳು ಮಾಡುವುದೇ? ಕೊಡಲಿ ಬೀಳುವ ಮುಂಚೆ ಬುಡದ ಒಂದು ಕಂದನ್ನು, ಅಂದರೆ ಮರಿಗಿಡವನ್ನು, ಕಿತ್ತು ಚೀಲಕ್ಕೆ ಹಾಕಿಕೊಂಡೆ. ಮರುವಾರ ರೋಹಿತನ ಜೊತೆ ನಿಜವಾದ ಮದುವೆ. ಅವನು ಶಿವಾಜಿನಗರದ ಕೋರ್ಟಿನಲ್ಲಿ ಗುಮಾಸ್ತ, ಹಾಡಿಕೊಂಡೇ ಸ್ನಾನ ಮಾಡುವ ಮನುಷ್ಯ. ಅವನೆಂದರೆ ನನಗೆ ಜೀವ.

ಲ್ಯಾಬಿನಲ್ಲಿ ಆ ಕಂದಿನ ಮೊಳಕೆಯನ್ನು ತಿಂಗಳಿಗೊಮ್ಮೆ ಕತ್ತರಿಸಿ ಹೊಸ ಬಾಟಲಿಗಳಿಗೆ ಹಾಕುತ್ತಿದ್ದೆ. ಒಂದು ನಾಲ್ಕಾಯಿತು, ನಾಲ್ಕು ಹದಿನಾರಾಯಿತು. ಕತ್ತರಿಸಿದಷ್ಟೂ ಬದುಕುತ್ತಿತ್ತು. ಎರಡನೆಯ ವರ್ಷ ಒಂದು ದಿನ ನೋಡುತ್ತೇನೆ, ಬಾಟಲಿಗಳೊಳಗಿನ ಎಲೆಗಳೆಲ್ಲ ನನ್ನ ಕುರ್ಚಿಯ ಕಡೆಗೇ ವಾಲಿವೆ. ಟ್ಯೂಬ್‌ಲೈಟಿನ ಕಾರಣವಿರಬೇಕೆಂದು ಕುರ್ಚಿಯನ್ನು ಎದುರು ಗೋಡೆಗೆ ಒಯ್ದೆ. ಸೋಮವಾರ ಬಂದಾಗ ಅವೂ ಆ ಕಡೆ ತಿರುಗಿದ್ದವು.

ಅದೇ ತಿಂಗಳು ರೋಹಿತ ಸೊರಗತೊಡಗಿದ. ಡಾಕ್ಟರಿಗೆ ರೋಗವೇ ಸಿಗಲಿಲ್ಲ. ಹಾಡು ನಿಂತಿತು, ಆಮೇಲೆ ಊಟವೂ ನಿಂತಿತು. ಓದಿದ್ದೆಲ್ಲ ಗಾಳಿಗೆ ಹೋಗಿ, ಅತ್ತೆ ಭೀಮವ್ವನ ಕಾಲು ಹಿಡಿದು ಕಂದಿನ ವಿಷಯ ಹೇಳಿಬಿಟ್ಟೆ.

ಅವರು ಬೈಯಲಿಲ್ಲ. "ನಡಿ ನೀರಜಾ, ಈಗ ಹೋಗಿ ಕೊಂದ ಬರೂಣು," ಎಂದು ಸೆರಗು ಬಿಗಿದರು.

ಅವತ್ತು ರವಿವಾರ, ಲ್ಯಾಬಿಗೆ ರಜೆ. ಬಾಟಲಿಗಳಲ್ಲಿದ್ದ ಮೊಳಕೆಗಳನ್ನೆಲ್ಲ ಇಬ್ಬರೂ ಕುದಿಯುವ ನೀರಿಗೆ ಸುರಿದೆವು. ಬೆಳೆದ ಸಸಿಗಳಿದ್ದ ಹೊರಗಿನ ನೆರಳುಮನೆಗೆ ಹೋದರೆ ಅದು ಖಾಲಿ. ಅದೇ ಕಂದಿನಿಂದಾದ ಹದಿನಾಲ್ಕು ಸಾವಿರ ಸಸಿಗಳು ನಿನ್ನೆಯೇ ಲಾರಿ ಹತ್ತಿ ಯಾರ್ಯಾರದೋ ಹೊಲಕ್ಕೆ ಹೋದವೆಂದು ವಾಚ್‌ಮನ್ ಮರಾಠಿಯಲ್ಲಿ ಹೇಳಿದ.

ಒಂಬತ್ತನೆಯ ದಿನ ರೋಹಿತ ಹೋದ. ನಾನೇ ಕೈಯಾರೆ ಕೊಂದೆ ಎಂದು ಇವತ್ತಿಗೂ ಅನ್ನಿಸುತ್ತದೆ.

ಓಣಿಯ ಹೆಂಗಸರು ಪದ್ಧತಿಯಂತೆ ಬಳೆ ಒಡೆಯಲು ನನ್ನ ಕೈ ಹಿಡಿದರು. ಮಗನ ತಲೆಯ ಹತ್ತಿರ ಕೂತಿದ್ದ ಭೀಮವ್ವ ನನ್ನತ್ತ ನೋಡಲೂ ಇಲ್ಲ.

"ಬಳಿ ಒಡೀಬ್ಯಾಡ್ರಿ," ಎಂದರು. "ಆಕಿ ಗಂಡ ಇನ್ನೂ ಜೀವಂತ ಅದಾನ."